ಮೆಟ್ಟಿಲು ಒರೆಸುವವಳ ಚಿತ್ರ

"ಮುಖ ಅಳಿಸಿಬಿಡು ಮಗಳೇ. ಯಾರಾದ್ರೂ ಗುರುತು ಹಿಡಿದ್ರೆ ನಮ್ಮನ್ನ ಗಡಿ ದಾಟಿಸಿಬಿಡ್ತಾರೆ," ಎಂದಳು ಅಮ್ಮ. ನಾಳೆ ಶಾಲೆಯ ಪ್ರದರ್ಶನಕ್ಕೆ ಹೋಗಬೇಕಿದ್ದ, ಮಗಳು ಬಿಡಿಸಿದ ಚಿತ್ರದ ಬಣ್ಣ ಇನ್ನೂ ಹಸಿಯಾಗಿತ್ತು. ಅದರಲ್ಲಿ ಅಮ್ಮ ಆಸ್ಪತ್ರೆಯ ಮೆಟ್ಟಿಲು ಒರೆಸುತ್ತಾ ತಲೆಯೆತ್ತಿ ನೋಡುತ್ತಿದ್ದಳು.

ಈ ದೇಶದಲ್ಲಿರಲು ಕಾಗದಪತ್ರವಿಲ್ಲದ ಮನೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡೇ ಬೆಳೆದ ಹುಡುಗಿ, ನುಂಗಿಕೊಂಡ ಮಾತನ್ನೆಲ್ಲ ಆ ಮುಖದಲ್ಲಿ ಆಡಿದ್ದಳು. "ಮುಖಾನೇ ಇಲ್ದಿದ್ರೆ ಇನ್ನೇನಿದೆಯಮ್ಮಾ ಇದ್ರಲ್ಲಿ?" ಎಂದಳು. ಆದರೂ ಒದ್ದೆ ಬಟ್ಟೆ ಕೈಗೆತ್ತಿಕೊಂಡಳು.

"ತಡಿಯೇ." ಜನ್ಮದಲ್ಲಿ ಒಂದೇ ಒಂದು ಫೋಟೊ ತೆಗೆಸಿಕೊಂಡಿರದ ಅಮ್ಮ ಹತ್ತಿರ ಬಂದು ಕಣ್ತುಂಬ ನೋಡಿದಳು. "ನಾನು ಇಷ್ಟು ಚೆನ್ನಾಗಿದೀನೇನೇ?"

ಆಮೇಲೆ ಮಗಳ ಕೈಯಿಂದ ಬಟ್ಟೆ ಇಸಿದುಕೊಂಡು, ದಿನಾ ಮೆಟ್ಟಿಲು ಒರೆಸುವಷ್ಟೇ ಅಚ್ಚುಕಟ್ಟಾಗಿ, ಒಂದು ಗೆರೆಯೂ ಉಳಿಯದಂತೆ ಆ ಮುಖವನ್ನು ಒರೆಸಿದಳು.