ಅಲ್ಲಾಡದ ತಲೆ

ಮೆದುಳಿನ ರಕ್ತನಾಳದಲ್ಲಿ ಉಬ್ಬಿದ್ದ ಗುಳ್ಳೆಯೊಳಗೆ, ತೊಡೆಯಿಂದ ಕೊಳವೆ ಹಾಯಿಸಿ, ತಂತಿಯ ಸುರುಳಿ ತುಂಬುತ್ತಿದ್ದರು. ನನಗೆ ಎಚ್ಚರವಿತ್ತು. ಧೈರ್ಯಕ್ಕಿರಲೆಂದು ನಾನೇ ಕೇಳಿ ಗಮಕ ವಾಚನ ಹಾಕಿಸಿಕೊಂಡಿದ್ದೆ. ಸೊಗಸಾದ ಪದ್ಯವೊಂದು ಬಂತು. ಚಿಕ್ಕಂದಿನ ಅಭ್ಯಾಸ, ತಲೆದೂಗಿಬಿಟ್ಟೆ.

"ಅಯ್ಯೋ, ಏನ್ ಮಾಡಿದ್ರಿ ಯಜಮಾನ್ರೇ! ಸುರುಳಿ ಜಾರಿ ಆಚೆ ಬಂತು" ಎಂದರು ಡಾಕ್ಟರು. "ಈಗ ಕುಣಿಕೆ ಹಾಕಿ ಹಿಡೀಬೇಕು. ಇನ್ನೊಂದ್ಸಲ ತಲೆ ಅಲ್ಲಾಡಿದ್ರೆ ನಾಳ ಹರಿಯತ್ತೆ. ಸಿಸ್ಟರ್, ಆ ಹಾಡು ನಿಲ್ಸಿ."

ಹಾಡು ನಿಂತಿತು, ಭಯಕ್ಕೆ ನಡುಕ ಶುರುವಾಯಿತು. ಸಿಸ್ಟರ್ ಹೊರಗೆ ಓಡಿ ನನ್ನ ಹೆಂಡತಿಯ ಮೊಬೈಲು ತಂದರು. ಅದರಲ್ಲೂ ಗಮಕವೇ! ದೇವರೇ ಕಾಪಾಡು ಎಂದುಕೊಂಡೆ. ಆದರೆ ವಾಚಿಸುವವನಿಗೆ ರಾಗ ಹಿಡಿತಕ್ಕೆ ಸಿಗುತ್ತಿರಲಿಲ್ಲ, ಪದಗಳನ್ನು ಎಲ್ಲೆಲ್ಲೋ ಒಡೆಯುತ್ತಿದ್ದ. ಅವನನ್ನು ಬೈದುಕೊಳ್ಳುತ್ತ ನಡುಕವನ್ನೇ ಮರೆತೆ. ತಲೆ ಕಲ್ಲಿನಂತೆ ನಿಂತಿತು. ಸುರುಳಿ ಸಿಕ್ಕಿತು.

ವಾರ್ಡಿಗೆ ಬಂದ ಮೇಲೆ ಹೆಂಡತಿಯನ್ನು ಕೇಳಿದೆ: "ಯಾರೇ ಅದು, ಆ ಕತ್ತೆ?"

"ನೀವೇ ರೀ, ಹೋದ ಶ್ರಾವಣದಲ್ಲಿ ದೇವರ ಮುಂದೆ ಓದಿದ್ರಲ್ಲ. ತಲೆದೂಗೋ ಅಂಥದ್ದು ಬೇಡ ಅಂದ್ರು ಸಿಸ್ಟರು, ಅದನ್ನೇ ಹುಡುಕಿ ಕೊಟ್ಟೆ."