ದಿನಕ್ಕೆ ನಲವತ್ತು ಪದ

ಮಾತಿನಿಂದ ಹರಡುವ ಜ್ವರದ ನಡುವೆಯೇ ನಮ್ಮ ಶಾಲೆ ಮತ್ತೆ ತೆರೆದು ತಿಂಗಳಾಯಿತು. ಮಕ್ಕಳಿರಲಿ, ಮಾಸ್ತರಿರಲಿ, ಒಬ್ಬರಿಗೆ ದಿನಕ್ಕೆ ನಲವತ್ತು ಪದ. ಅಷ್ಟು ಮುಗಿದರೆ, ಪದ ಎಣಿಸಲು ಎಲ್ಲರ ಕೊರಳಿಗೂ ಕಟ್ಟಿರುವ ಪಟ್ಟಿ ಸಂಜೆಯವರೆಗೆ ದನಿ ಹೊರಡಲು ಬಿಡುವುದಿಲ್ಲ.

ಪ್ರಾರ್ಥನೆಗೇ ಇಪ್ಪತ್ತೈದು ಹೋಗುತ್ತವೆ, ಮಿಕ್ಕಿದ್ದು ನಮಸ್ಕಾರಗಳಿಗೆ. ಏಳನೇ ತರಗತಿಯಲ್ಲಿ ಕುಳಿತು ಗಣಿತ ತಿಳಿಯಲಿಲ್ಲ ಎನ್ನಲು ನಮಗೆ ಒಂದು ಪದವೂ ಉಳಿಯುವುದಿಲ್ಲ.

ಇವತ್ತು ಶಾಲೆ ನೋಡಲು ಸಾಹೇಬರು ಬಂದರು. ಮಕ್ಕಳೆಲ್ಲ ಪ್ರಾರ್ಥನೆಯ ಮೇಲೆ ಉಳಿದ ಪದಗಳಲ್ಲಿ ಸ್ವಾಗತಗೀತೆ ಹಾಡಿ ಮೂಕರಾದರು. ನಾನು ಬೆಳಿಗ್ಗೆಯಿಂದ ಬರೀ ತುಟಿ ಆಡಿಸಿದ್ದೆ. ನನ್ನ ಪಕ್ಕದಲ್ಲಿ ರೇಷ್ಮಾಳ ಜಾಗ ಖಾಲಿಯಿತ್ತು. ಹೆಡ್‌ಮಾಸ್ತರು ಹಾರ ಹಾಕಿ ಸಾಹೇಬರನ್ನು ಬಾಯಿತುಂಬ ಹೊಗಳಿದರು.

"ಹುಡುಗರು ಭಾಳ ಶಾಂತ ಅದಾರ," ಎಂದು ಸಾಹೇಬರು ಖುಷಿಪಟ್ಟರು. "ಯಾರಿಗಾದ್ರೂ ಏನಾರ ಹೇಳೋದೈತೇನು?"

ನಾನು ಎದ್ದು ನಿಂತೆ.

"ಸಾಹೇಬ್ರ, ನಿಮ್ಮ ಹಾಡಿನ ತಾಲೀಮಿಗೆ ರೇಷ್ಮಾನ್ನ ಜ್ವರದಾಗೂ ಕರಸಿದ್ರು. ಆಕಿ ಸತ್ಲು."

ಗದರಿಸಲು ಹೆಡ್‌ಮಾಸ್ತರು ಬಾಯಿ ತೆರೆದರು. ದನಿ ಬರಲಿಲ್ಲ. ಅವರ ನಲವತ್ತೂ ಹೊಗಳಿಕೆಯಲ್ಲೇ ಮುಗಿದಿದ್ದವು.

ನನ್ನ ಬಳಿ ಇನ್ನೂ ಮೂವತ್ತೊಂದು ಇದ್ದವು.