ಐದನೆಯವಳು

ಮೈನೆರೆದ ಹುಡುಗಿಗೆ ಎಲ್ಲಾದರೂ ಚಿಗಳಿ ಕುಟ್ಟುತ್ತಿದ್ದರೆ, ಆ ಎಳ್ಳು ಬೆಲ್ಲದ ವಾಸನೆಗೆ ನಾನು ಇವತ್ತಿಗೂ ಎದ್ದು ಹೊರಗೆ ಹೋಗುತ್ತೇನೆ.

ಅಪ್ಪ ಬಬ್ಬೂರಿನಲ್ಲಿ ಮೇಷ್ಟ್ರಾಗಿದ್ದರು. ಕಮ್ಮಾರನಿಂದ ಹಳೇ ಗಾಡಿಯ ಕಬ್ಬಿಣದ ಪಟ್ಟಿ ಬಗ್ಗಿಸಿ ರಿಂಗು ಮಾಡಿಸಿ, ಬೇವಿನ ಮರಕ್ಕೆ ಹೊಡೆಸಿ, ನಮಗೆ ಬ್ಯಾಸ್ಕೆಟ್‌ಬಾಲ್ ಕಲಿಸುತ್ತಿದ್ದರು. ನಾನೂ ಸೇರಿ ಐದೇ ಹುಡುಗಿಯರು, ತಂಡಕ್ಕೆ ಬೇಕಾದಷ್ಟೇ. ದುರ್ಗದಲ್ಲಿ ಪಂದ್ಯಕ್ಕೆ ಎರಡು ದಿನವಿತ್ತು. ಆ ಮಧ್ಯಾಹ್ನ ಐವರಲ್ಲಿ ಒಬ್ಬಳಾದ ಗೌರಿಯ ಬದಲು ಅವಳ ತಾಯಿ ಬಂದರು. ಅವರ ಬೆರಳಿಗೆಲ್ಲ ಎಳ್ಳಿನ ಜಿಡ್ಡು ಮೆತ್ತಿತ್ತು.

“ಗೌರಿ ದೊಡ್ಡೋಳಾಗ್ಯಾಳೆ ಮೇಷ್ಟ್ರೇ. ಇನ್ನ ಆಟಕ್ಕೆ ಬರಾದಿಲ್ಲ.”

“ಒಂದ್ ದಿನ ಕಳಿಸ್ರಮ್ಮ. ನಾನೇ ಕರ್ಕಂಡ್ ಹೋಗಿ ಕರ್ಕಂಡ್ ಬತ್ತೀನಿ.”

“ನಿಮ್ ಮಗಳಾಗಿದ್ರೆ ಕಳಿಸ್ತಿದ್ರೇನ್ರಿ?”

“ಕಳಿಸ್ತಿದ್ದೆ.” ಅಪ್ಪ ಒಂದು ಗಳಿಗೆಯೂ ಯೋಚಿಸಲಿಲ್ಲ. ಚರ್ಮದ ಚೆಂಡು ಹಿಡಿದು ನಿಂತಿದ್ದ ನನ್ನ ಮೈ ಹೆಮ್ಮೆಯಿಂದ ಬಿಸಿಯಾಯಿತು.

ಆಕೆ ಬೆರಳನ್ನು ಸೆರಗಿಗೆ ಒರೆಸಿಕೊಂಡು ಹೊರಟುಹೋದರು. ಇನ್ನೊಬ್ಬಳನ್ನು ಹುಡುಕಿಕೊಂಡು ಬರುತ್ತೇನೆಂದು ಅಪ್ಪ ಸೈಕಲ್ ಹತ್ತಿ ಮನೆ ಮನೆಗೆ ಹೋದರು. ನಾವು ನಾಲ್ವರೂ ಸಂಜೆಯವರೆಗೂ ರಿಂಗಿಗೆ ಚೆಂಡು ಎಸೆಯುತ್ತಲೇ ಇದ್ದೆವು. ಅಪ್ಪ ಒಬ್ಬರೇ ಬಂದರು. ದುರ್ಗಕ್ಕೆ ನಾವು ಹೋಗಲಿಲ್ಲ.

ಮೂರು ತಿಂಗಳಿಗೆ ನಮ್ಮ ಮನೆಯಲ್ಲೂ ಎಳ್ಳು ಕುಟ್ಟಿದರು. ಮೂಲೆಯ ಚಾಪೆಯ ಮೇಲೆ ಕುಳಿತು ನಾನು, ಆಟಕ್ಕೆ ಬಾ ಎನ್ನುವ ಅಪ್ಪನ ಒಂದು ಮಾತಿಗೆ ಕಾಯುತ್ತಿದ್ದೆ. ಅವರು ಬಂದಾಗ ಕೈಯಲ್ಲಿ ಬೇವಿನ ಮರದಿಂದ ಕಿತ್ತು ತಂದ ಆ ರಿಂಗಿತ್ತು. ನನಗೆ ನೀರು ಹಾಕಲು ಅಂಗಳದಲ್ಲಿ ತುಂಬಿಟ್ಟಿದ್ದ ಹಂಡೆಯ ಅಡಿಗೆ ಅದನ್ನು ಸಿಂಬಿಯಂತೆ ಕೊಟ್ಟು, ಹಂಡೆಯನ್ನು ನೆಟ್ಟಗೆ ನಿಲ್ಲಿಸಿದರು.

“ಹಂಡೆ ವಾಲ್ತಿತ್ತು” ಎಂದರು ಅಮ್ಮನಿಗೆ.